ಅಳತೆ ತೆಗೆದ ಮೇಲೆ

ನನ್ನ ಸೊಸೆ ದೇವರನ್ನು ಕೇಳದೆ ಒಂದು ಗುಂಡಿಯನ್ನೂ ಹೊಲಿಯುವವಳಲ್ಲ. “ಆ ದೇವರಿಗೂ ಸ್ವಲ್ಪ ಉಸಿರಾಡೋಕೆ ಬಿಡೇ” ಎಂದು ನನ್ನವಳು ರೇಗಿಸುತ್ತಿದ್ದಳು. ಸೊಸೆ ನಗುತ್ತಿದ್ದಳು, ಕೇಳುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬದೆ ಹೋದಾಗ ಅವಳು ಕೇಳುತ್ತಿದ್ದದ್ದು ಒಂದನ್ನೇ. ಒಂದು ಸಂಜೆ ಪ್ರಾರ್ಥನೆ ಮುಗಿಸಿ ಎದ್ದವಳು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನಿಗೆ ಹೇಳಿದಳು.

“ಇಷ್ಟು ದಿನ ಮಗು ಕೊಡು ಅಂತ ಕೇಳ್ತಿದ್ದೆ. ಕೊಟ್ಟಿದಾನೇನೋ, ಬೇರೆ ಕಡೆ ಇಟ್ಟಿದಾನೇನೋ. ನಾವೇ ಹೋಗಿ ಕರ್ಕೊಂಡು ಬರ್ಬೇಕೇನೋ.”

ನನ್ನ ಮಗ ಮಾತಿಗೆ ಬಡವ. ಯಂತ್ರ ನಿಲ್ಲಿಸಿದ. ಅದೇ ಒಪ್ಪಿಗೆ.

ದತ್ತು ತಗೊಳ್ಳಲು ಅರ್ಜಿ ಹಾಕಿದ್ದಾಯಿತು. ಕಚೇರಿಯವರು ಬಂದು ಮನೆಯನ್ನೆಲ್ಲ ನೋಡಿ, ಕತ್ತರಿಗಳನ್ನು ಎತ್ತರದಲ್ಲಿಡಿ ಎಂದು ಹೇಳಿ ಹೋದರು. ಬಹಳ ಕಾಲ ಸುದ್ದಿಯಿಲ್ಲ. ಕೊನೆಗೊಂದು ಬೆಳಗ್ಗೆ ಮಕ್ಕಳ ಆಶ್ರಮದಿಂದ ಫೋನು ಬಂತು, ಒಂದು ಗಂಡುಮಗು ಇದೆ ಎಂದು. ಹೊಲಿಗೆ ಅಂಗಡಿ ಮುಚ್ಚಿ ನಾಲ್ವರೂ ಬಸ್ಸು ಹತ್ತಿದೆವು. ಅವಸರದಲ್ಲಿ ಮಗನ ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು. ದಿನವೂ ನೋಡುವ ನಮಗೆ ಅದು ಕಾಣಲೇ ಇಲ್ಲ.

ಆಶ್ರಮದ ಮೇಡಮ್ ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗಿಯನ್ನು ತೋರಿಸಿದರು. ಏಳೆಂಟು ವರ್ಷದವಳು, ಸಣ್ಣ ಮುಖ, ಗಟ್ಟಿ ಜಡೆ.

“ಇವಳು ಆ ಮಗುವಿನ ಅಕ್ಕ. ಫೋನಲ್ಲಿ ಹೇಳೋ ಮಾತಲ್ಲ ಅಂತ ಹೇಳಲಿಲ್ಲ. ಇಬ್ಬರನ್ನೂ ಬೇರೆ ಮಾಡಲ್ಲ ನಾವು. ಒಟ್ಟಿಗೆ ಆದ್ರೆ ಸರಿ, ಇಲ್ಲ ಅಂದ್ರೆ ಬೇರೆ ಮನೆ ನೋಡ್ತೀವಿ.”

ಸೊಸೆಯ ಮುಖ ಸಪ್ಪಗಾಯಿತು. “ಒಂದು ಗಳಿಗೆ” ಎಂದು ಪಡಸಾಲೆಗೆ ಹೋಗಿ, ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಳು. ನಾನೂ ನನ್ನವಳೂ ಹಿಂದೆಯೇ ಹೋದೆವು.

“ಕಣ್ಣು ಮುಚ್ಚಿದ್ರೆ ಏನೂ ಕಾಣ್ತಿಲ್ಲ ಮಾವ. ಬರೀ ಹೆದರಿಕೆ. ಆ ಹುಡುಗಿಗೆ ಹೆತ್ತವಳ ನೆನಪಿರುತ್ತೆ. ನನ್ನನ್ನ ಅಮ್ಮ ಅಂತಾಳಾ?”

“ಹೆದರಿಕೆ ಇಲ್ಲದವರಿಗೆ ದೇವರ ಹತ್ರ ಏನಮ್ಮ ಕೆಲಸ?” ಎಂದೆ.

ನನ್ನವಳು ಸುಮ್ಮನಿರಲಿಲ್ಲ. “ನೀನು ನನ್ನನ್ನ ಬಾಯ್ತುಂಬ ಅತ್ತೆ ಅನ್ನೋಕೆ ಎಷ್ಟು ಕಾಲ ತಗೊಂಡೆ? ಮೊದಲೆಲ್ಲ ಬರೀ ‘ಇವರೇ, ಇವರೇ’. ನಾನೇನು ನಿನ್ನ ಮನೆಯಿಂದ ಓಡಿಸಿದ್ನಾ?”

ಅಷ್ಟರಲ್ಲಿ ಆ ಹುಡುಗಿ ನಮ್ಮನ್ನು ದಾಟಿ ಓಡಿದಳು. “ನನ್ನ ಅಳತೆ ತಗೊಂಡ್ರು! ನನ್ನ ಅಳತೆ ತಗೊಂಡ್ರು!” ಎಂಬ ಕೂಗು ಒಳಗಿನ ಕೋಣೆಗಳಲ್ಲೆಲ್ಲ ಕೇಳಿತು.

ಒಳಗೆ ಬಂದರೆ ಮಗ ಟೇಪು ಹಿಡಿದು ಕಳ್ಳನ ಹಾಗೆ ನಿಂತಿದ್ದ. ಮೇಡಮ್ ಹಣೆಗೆ ಕೈ ಹಚ್ಚಿದ್ದರು.

“ಏನ್ ಮಾಡಿಬಿಟ್ರು ಇವರು! ಇಲ್ಲಿ ಅಳತೆ ಕೊಟ್ಟು ಬಟ್ಟೆ ಹೊಲಿಸೋದು ಮಗು ಹೊಸ ಅಪ್ಪ-ಅಮ್ಮನ ಮನೆಗೆ ಹೊರಟಾಗ ಮಾತ್ರ. ಎಲ್ಲ ಮಕ್ಕಳಿಗೂ ಗೊತ್ತು ಅದು.”

“ಯಾರು ಹೇಳಿದ್ರು ನಿಮಗೆ ಅಳತೆ ತಗೊಳ್ಳೋಕೆ?” ಎಂದಳು ಸೊಸೆ.

“ಯಾರೂ ಹೇಳಲಿಲ್ಲ ಕಣೇ. ಸುಮ್ಮನೆ ಎದುರಿಗೆ ಬಂದು ನಿಂತ್ಲು. ಏನು ಮಾತಾಡೋದು ಅಂತ ತಿಳೀಲಿಲ್ಲ. ಕೈ ತಾನಾಗೇ ಭುಜಕ್ಕೆ ಹೋಯ್ತು.”

ನನಗೆ ನಗು ಬಂತು. ಯಾರ ಮೈಮೇಲೆ ಟೇಪು ಇಟ್ಟೆವೋ ಅವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ನಮ್ಮಪ್ಪನ ಕಾಲದಿಂದ ನಡೆದು ಬಂದ ಮಾತು. ಆದರೆ ಇದು ಬಟ್ಟೆಯ ವಿಷಯವಲ್ಲ. ಆ ಮಾತು ಎತ್ತಿದ್ದರೆ ಸೊಸೆಯ ಮೇಲೆ ಹೊರೆ ಹೊರಿಸಿದಂತಾಗುತ್ತಿತ್ತು.

ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ವಾಪಸು ಬಂದಳು. ನೇರವಾಗಿ ಸೊಸೆಯ ಮುಂದೆಯೇ ನಿಂತಳು.

“ಇವನದ್ದೂ ತಗೊಳ್ಳಿ. ತುಂಬ ಒದ್ದಾಡ್ತಾನೆ, ನಾನು ಹಿಡ್ಕೋತೀನಿ. ಮತ್ತೆ, ನನ್ನ ಫ್ರಾಕಿಗೆ ಜೇಬು ಇಡ್ತೀರಾ? ಇವನ ಮೂಗು ಸದಾ ಸೋರ್ತಿರುತ್ತೆ. ಬಟ್ಟೆ ಇಟ್ಕೋಬೇಕು.”

ಸೊಸೆ ಅವಳನ್ನೇ ನೋಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಸೆರಗಿನಿಂದ ಹುಡುಗನ ಮೂಗು ಒರೆಸಿ, ಗಂಡನ ಕೈಯಿಂದ ಟೇಪು ಕಿತ್ತುಕೊಂಡಳು. ಹುಡುಗಿಯ ಮುಂದೆ ಮಂಡಿಯೂರಿ ಭುಜದಿಂದ ಮೊಣಕಾಲಿನವರೆಗೆ ಮತ್ತೊಮ್ಮೆ ಅಳೆದಳು.

“ಎಷ್ಟು ಉದ್ದ ಹಿಡಿದ್ರಿ ನೀವು? ಸಾಲಲ್ಲ” ಎಂದಳು ಗಂಡನಿಗೆ, ತಲೆಯೆತ್ತದೆ. “ಕೆಳಗೆ ಮಡಿಕೆ ದೊಡ್ಡದಾಗಿ ಬಿಡಿ. ಬೆಳೆಯೋ ಹುಡುಗಿ. ಬರೋ ವರ್ಷ ಬಿಚ್ಚಿ ಇಳಿಸ್ತೀನಿ.”