ಖಾಲಿ ಸುತ್ತಿನ ಮೇಲೆ ಹಾದ ಮಡಿಕೆ

ನೆಕ್ಕಿ ನೆಕ್ಕಿ ಒಳಗೆಳೆದುಕೊಳ್ಳುತ್ತದೆ, ಹಸು ಹುಲ್ಲೆಳೆದ ಹಾಗೆ, ಒಂದು ಮತಪತ್ರ, ಇನ್ನೊಂದು, ಮತ್ತೊಂದು, ಬಿಸಿ ರಬ್ಬರಿನ ವಾಸನೆ ಬೇರೆ — ಮತ ಎಣಿಸುವ ಈ ಯಂತ್ರದ ಮೇಲೆ ಅವಳಿಗೇನೂ ಸಿಟ್ಟಿಲ್ಲ, ಪಾಪದ ಪ್ರಾಣಿ, ಹಾಕಿದ್ದನ್ನು ತಿನ್ನುತ್ತದೆ, ಕಂಡದ್ದನ್ನು ಹೇಳುತ್ತದೆ, ಹೇಸಿಗೆ ಹುಟ್ಟಿಸುವವರು ಅದರ ಸುತ್ತ ನಿಂತವರು, ಏಲಕ್ಕಿ ಜಗಿಯುತ್ತ ಹಲ್ಲಿನ ಸಂದಿಯನ್ನು ಪೆನ್ನಿನ ಮುಚ್ಚಳದಲ್ಲಿ ಕೆದಕುವ ಈ ಮೇಲಧಿಕಾರಿ, ಕೆದಕಿದ ಅದೇ ಪೆನ್ನನ್ನು ಅವಳ ಮುಂದೆ ಚಾಚುತ್ತಾನೆ, ಸಹಿ ಹಾಕ್ಬಿಡಿ ಮೇಡಂ, ಎರಡನೇ ಸಲಾನೂ ಅಷ್ಟೇ ಬಂತಲ್ಲ, ಇನ್ನೇನು ಪಂಚಾಯಿತಿ. ಎರಡನೇ ಸಲ. ಅದೇ ಕಾಗದ, ಅದೇ ಯಂತ್ರ, ಸೊಟ್ಟ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡರೆ ಮುಖ ನೆಟ್ಟಗಾಗುತ್ತದೆಯೇ. ಎಣಿಕೆ ಸರಿಯಿದೆ ಎಂದು ಅವಳು ಸಹಿ ಹಾಕಿದರೆ ಮುಗಿಯಿತು, ಪೆಟ್ಟಿಗೆಗೆ ಅರಗಿನ ಮುದ್ರೆ ಬೀಳುತ್ತದೆ, ಅಂಚೆಯಲ್ಲಿ ಬಂದ ಕಾಯಿಲೆಯವರ, ಮುದುಕರ ಮತಗಳಲ್ಲಿ ಅರ್ಧಕ್ಕರ್ಧ ಅಮಾನ್ಯವಾಗಿಯೇ ಉಳಿಯುತ್ತವೆ, ಎರಡು ಕಡೆ ಗುರುತಿದೆ ಎಂದು ಯಂತ್ರ ಆಚೆ ತಳ್ಳಿದೆ, ಅಷ್ಟೊಂದು ಜನಕ್ಕೆ ಹೆಸರಿನ ಮುಂದಿನ ಒಂದು ಸುತ್ತನ್ನು ಪೆನ್ನಿನಲ್ಲಿ ತುಂಬಲು ಬರುವುದಿಲ್ಲವೇ, ಅತ್ತೆಗೆ ಬಂತಲ್ಲ, ಹಾಸಿಗೆಯಲ್ಲಿ ಒರಗಿಕೊಂಡು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಆ ಕಡೆ ತಿರುಗಮ್ಮಾ ಎಂದರು, ಯಾರಿಗೆ ಹಾಕ್ತೀನಿ ಅನ್ನೋದು ನನಗೂ ದೇವರಿಗೂ ಇರಲಿ, ಆಮೇಲೆ ಕಾಗದ ಮಡಿಸುತ್ತ, ಎಲ್ಲಿ ಮಡಿಸಬೇಕೋ ಅಲ್ಲಿ ಚುನಾವಣೆಯವರೇ ಮಡಿಕೆ ಹಾಕಿ ಕಳಿಸಿದ್ದಾರೆ ನೋಡು, ಬುದ್ಧಿವಂತರು.

ಅವಳ ನೀರಿನ ಇಲಾಖೆಯಲ್ಲಾದರೆ — ಎಣಿಕೆಗೆಂದು ಅಲ್ಲಿಂದಲೇ ಅವಳನ್ನು ಎಳೆದು ತಂದಿದ್ದಾರೆ — ಮೀಟರ್ ಸುಳ್ಳು ಓಡುತ್ತದೆ ಎಂದು ಯಾರಾದರೂ ಜಗಳಕ್ಕೆ ಬಂದರೆ ಆ ಮೀಟರನ್ನೇ ಮತ್ತೆ ಓಡಿಸಿ ತೋರಿಸುವುದಿಲ್ಲ, ನಲ್ಲಿಯ ಕೆಳಗೆ ಅಳತೆಯ ಕೊಡ ಇಡುತ್ತಾರೆ, ತುಂಬಿತೋ ಇಲ್ಲವೋ ಜಗಳಕ್ಕೆ ಬಂದವನೇ ಬಗ್ಗಿ ನೋಡಲಿ, ಎಲ್ಲ ಮನೆಗೂ ಇಡಬೇಕಿಲ್ಲ, ಅಲ್ಲೊಂದು ಇಲ್ಲೊಂದು, ಅನ್ನ ಬೆಂದಿತೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು, ಆದರೆ ಹಿಸುಕಬೇಕು, ತಳದಿಂದ ತೆಗೆದು ಹಿಸುಕಬೇಕು, ಹಿಸುಕುವ ಬೆರಳು ಅಡುಗೆಯವನದಾಗಿರಬಾರದು — ಒಂದೆರಡು ಕಟ್ಟು ಕೈಯಲ್ಲಿ ಎಣಿಸೋಣ ಸಾರ್, ಎಂದಳು, ಎಂದಿದ್ದಳು, ಬೆಳಗಿನಿಂದ ಅದನ್ನೇ ಎನ್ನುತ್ತಿದ್ದಾಳೆ. ಕೈಯಲ್ಲಾ, ಎಂದ ಗೆದ್ದವನ ಏಜೆಂಟ್, ಆಗಲೇ ಹಾರ ತರಿಸಿ ಕುರ್ಚಿಗೆ ನೇತುಹಾಕಿದ್ದಾನೆ, ಕೈಬೆರಳು ಸಾಲಲ್ಲ, ಚಪ್ಪಲಿ ಬಿಟ್ಬಿಡಿ ಮೇಡಂ, ಕಾಲ್ಬೆರಳೂ ಬೇಕಾಗುತ್ತೆ. ಎಲ್ಲರೂ ನಕ್ಕರು, ನಗುವಾಗ ಮೇಲಧಿಕಾರಿಯ ಬಾಯಿಂದ ಏಲಕ್ಕಿಯ ಚೂರು ಹಾರಿ ಮತಪತ್ರದ ಮೇಲೆ ಬಿತ್ತು, ಒರೆಸಲೂ ಇಲ್ಲ, ಯಾರೋ ಹರಕೆಯಂತೆ ಹಾಕಿದ ಮತದ ಮೇಲೆ ಎಂಜಲು, ಭಗವಂತ, ನಿನ್ನ ಕಣ್ಣೆದುರೇ. ಅವಳ ತಮ್ಮ ಮಾತ್ರ ನಗಲಿಲ್ಲ, ಯಂತ್ರ ನೋಡಿಕೊಳ್ಳುವ ಕೆಲಸ ಅವನದು, ಅವನನ್ನು ಓದಿಸಿದವಳು ಅವಳೇ, ಕತ್ತಿಗೆ ನೇತುಬಿದ್ದ ಗುರುತಿನ ಚೀಟಿಯ ಪಟ್ಟಿ ತಿರುಚುತ್ತ ಹತ್ತಿರ ಬಂದ, ಅಕ್ಕಾ, ಹಾಕ್ಬಿಡೇ, ಯಂತ್ರದಲ್ಲಿ ತಪ್ಪು ಅಂದ್ರೆ ಮೊದಲು ಹೋಗೋದು ನನ್ನ ಕೆಲಸ, ನನ್ನನ್ನೂ ನಂಬಲ್ವಾ. ನಂಬುತ್ತೇನಪ್ಪ, ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಲಿ, ಆದರೆ ಸೋತವನಿಗೆ ನೀನು ತಮ್ಮನಲ್ಲವಲ್ಲ — ಕೈ ಪೆನ್ನನ್ನು ದಾಟಿ ಪೆಟ್ಟಿಗೆಯ ತಳಕ್ಕೆ ಹೋಯಿತು, ಅಮಾನ್ಯದ ಕಟ್ಟೊಂದನ್ನು ಎಳೆಯಿತು, ದಾರ ಬಿಚ್ಚಿತು, ಮೇಡಂ ಮೇಡಂ ಎನ್ನುತ್ತಿದ್ದಾರೆ ಯಾರೋ, ಅನ್ನಲಿ, ಮೊದಲ ಕಾಗದದಲ್ಲಿ ಒಂದೇ ಸುತ್ತು ತುಂಬಿದೆ, ಚೊಕ್ಕವಾಗಿ, ಅದರಡಿಯದರಲ್ಲೂ ಒಂದೇ, ಇನ್ನೊಂದರಲ್ಲಿ ನಡುಗಿದ ಕೈ, ಆದರೂ ಒಂದೇ, ಹಾಗಾದರೆ ಎರಡನೆಯ ಗುರುತೆಂದು ಯಂತ್ರ ಕಂಡದ್ದೇನನ್ನು — ಮಡಿಕೆ, ಅವರೇ ಹಾಕಿ ಕಳಿಸಿದ ಮಡಿಕೆ, ಗೆದ್ದವನ ಹೆಸರಿನ ಮುಂದಿನ ಖಾಲಿ ಸುತ್ತಿನ ನಟ್ಟನಡುವೆ ಹಾದಿದೆ, ಮಸಿ ಹಿಡಿದು ಕಪ್ಪಗೆ, ಪೆನ್ನಿನ ಗೀಟಿನ ಹಾಗೆ, ಪ್ರತಿ ಕಾಗದದಲ್ಲೂ, ಬೇರೆಯವರಿಗೆ ಹಾಕಿದ ಮತವೆಲ್ಲ ಎರಡು ಗುರುತಾಗಿದೆ. ತಮ್ಮನ ಮುಂದೆ ಹಿಡಿದಳು. ಅವನು ಬೆಚ್ಚಲಿಲ್ಲ, ಅದೇ, ಬೆಚ್ಚದೇ ಹೋದದ್ದೇ ಎಲ್ಲ ಹೇಳಿತು, ಬೆಳಿಗ್ಗೇನೇ ನೋಡ್ದೆ ಅಕ್ಕಾ, ಸಾರ್‌ಗೆ ಹೇಳ್ದೆ, ಬಾಯಿ ಮುಚ್ಕೊಂಡಿರು ಅಂದ್ರು. ಒಂದೇ ತಟ್ಟೆಯಲ್ಲಿ ಉಂಡವನು, ಬೆಳಗಿನಿಂದ ಗೊತ್ತಿದ್ದೂ ನಂಬಲ್ವಾ ಎಂದು ಕೇಳಿದನಲ್ಲ, ಕೈಯಲ್ಲಿ ಎಣಿಸದೆ ನಾನು ಸಹಿ ಹಾಕಲ್ಲ, ಎಂದಳು, ದನಿ ಏರಲಿಲ್ಲ, ಚಾಚಿದ ಪೆನ್ನನ್ನು ಆಚೆ ಸರಿಸಿದಳು, ತಮ್ಮ ಕಾಗದವನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ತೀಡುತ್ತಾನೆ, ತೀಡುತ್ತಾನೆ, ಹೋಗಲ್ಲ ಕಣೋ ಅದು, ತೀಡಿದಷ್ಟೂ ಕಪ್ಪಾಗುತ್ತದೆ, ಖಾಲಿ ಸುತ್ತು, ಸುತ್ತಿನ ನಡುವೆ ಮಡಿಕೆ, ಮಡಿಕೆಯ ಮೇಲೆ ಉಗುರು, ಮಡಿಕೆ