‘ತಪ್ಪಾಯ್ತು’ ಅನ್ನುವ ಮುಂಚೆ ವಕೀಲರನ್ನು ಕೇಳಿ

2012ರ ಮಾತು. ಮರಾಠಿ ನಾಡಿನ ಡೊಂಬಿವಲಿಯ ಪೂರ್ವಕ್ಕೆ, ಕನ್ನಡ ನಾಡಿನಿಂದ ದುಡಿಯಲು ಹೋದ ಕಟ್ಟಡ ಕೂಲಿಗಳ ತಗಡಿನ ಮನೆಗಳ ಸಾಲು. ನಳದ ಕೆಳಗೆ ಕೊಡ ತುಂಬಿ ಚೆಲ್ಲುತ್ತಿತ್ತು. ಭೀಮಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಸೆರಗಿನ ತುದಿಗೆ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

ಗಂಡ ಅಂಬಾರಾಯ ಜೈಲು ಸೇರಿ ಇಪ್ಪತ್ತೆರಡು ದಿನವಾಗಿತ್ತು. ಸೈಟಿನಲ್ಲಿ ನೀರೆತ್ತುವ ಮೋಟಾರು ಕಳುವಾಗಿತ್ತು. ಅಂದು ಕಾವಲಿಗಿದ್ದವನು ನೀನೇ ಎಂದು ಅವನನ್ನು ಹಿಡಿದೊಯ್ದಿದ್ದರು. ನಾಳೆ ಕಲ್ಯಾಣದ ಕೋರ್ಟಿನಲ್ಲಿ ತಾರೀಖು.

“ಏನ್ ಭೀಮಮ್ಮ, ನೆಲಕ್ಕೆ ಸ್ನಾನ ಮಾಡಿಸ್ತಿದ್ದೀರಾ?” ಎನ್ನುತ್ತ ಉಮಾವತಿ ನಳ ನಿಲ್ಲಿಸಿದರು. ಉಡುಪಿ ಕಡೆಯವರು. ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾಗಿ ವಾರಕ್ಕೊಮ್ಮೆ ಬಂದು ಇಲ್ಲಿಯವರ ಕಾಗದಪತ್ರ ಓದಿ ಹೇಳುತ್ತಿದ್ದರು.

ಭೀಮಮ್ಮ ಎಲ್ಲ ಹೇಳಿಕೊಂಡಳು. ಹೊಸ್ತಿಲಲ್ಲಿ ಕುಳಿತಿದ್ದ ಅತ್ತೆ ಬಾಲಮ್ಮ ನಡುವೆ ಬಾಯಿ ಹಾಕಿದಳು: “ಅದ್ರಾಗ ಏನದ? ನಾಳಿ ನನ್ನ ಮಗ ಕೈ ಮುಗದು ‘ತಪ್ಪಾತ್ರಿ ಸಾಹೇಬ್ರ’ ಅಂತಾನ, ಬಿಡ್ತಾರ. ನಮ್ಮೂರ ಕಟ್ಟಿ ಮ್ಯಾಲ ಹಂಗೇ ಅಲ್ಲೇನು? ಮಾಡಿರ್ಲಿ ಬಿಡ್ಲಿ, ಹಿರೇರ ಮುಂದ ಕೈ ಮುಗದ್ರ ಮಾತು ಮುಗೀತು. ಹ್ವಾದ ಸೋಮವಾರ ಭೇಟಿಗಿ ಹೋದಾಗ ನಾನೇ ಅವಗ ಹೇಳಿ ಬಂದೀನಿ.”

ಉಮಾವತಿಯ ಮುಖ ಬಿಗಿಯಿತು. “ಅಯ್ಯೋ ಬಾಲಕ್ಕ, ಕಟ್ಟೆಯಲ್ಲಿ ಅದು ಮರ್ಯಾದೆ. ಕೋರ್ಟಲ್ಲಿ ಹಾಗೆ ಹೇಳಿದ್ರೆ ನಾನೇ ಕದ್ದೆ ಅಂತ ಒಪ್ಪಿದ ಹಾಗೆ. ಬರ್ಕೊಳ್ತಾರೆ. ಶಿಕ್ಷೆಯೂ ಆಗ್ಬಹುದು. ವಕೀಲರು ಯಾರು?”

“ನಮ್ಮಂಥೋರಿಗಿ ವಕೀಲರು ಎಲ್ಲಿ ಸಿಗ್ತಾರ್ರಿ ಬಾಯಿ?” ಎಂದಳು ಭೀಮಮ್ಮ.

“ಸಿಗ್ತಾರೆ ಮಾರಾಯ್ತಿ. ಜೈಲಲ್ಲಿರುವವರಿಗೆ ಸರ್ಕಾರದಿಂದಲೇ ಕೊಡ್ತಾರೆ. ಫೀಸಿಲ್ಲ. ಕೇಳ್ಬೇಕು ಅಷ್ಟೇ.”

“ಪುಕ್ಕಟೆ ವಕೀಲ!” ಬಾಲಮ್ಮ ಮೂತಿ ತಿರುವಿದಳು. “ಚಹಾ ಕುಡಕೋತ ನಿಂತಿರ್ತಾನ ತಗೋ.”

“ಮೊಮ್ಮಗಳಿಗೆ ಪೋಲಿಯೋ ಹನಿ ಹಾಕಿಸಿದ್ರಲ್ಲ, ಅದಕ್ಕೆ ದುಡ್ಡು ಕೊಟ್ರಾ?”

ಬಾಲಮ್ಮ ಎದ್ದು ತುಂಬಿದ ಕೊಡ ಒಳಗೊಯ್ದಳು.

ಮರುದಿನ ಕೋರ್ಟು ಶುರುವಾಗುವ ಮುಂಚೆಯೇ ಉಮಾವತಿ ಕಾನೂನು ಸೇವಾ ಕಚೇರಿಯಲ್ಲಿ ಅರ್ಜಿ ಬರೆದು ಓದಿ ಹೇಳಿದರು. ಭೀಮಮ್ಮ ಹೆಬ್ಬೆಟ್ಟು ಒತ್ತಿದಳು. ಕಚೇರಿಯವರು ಗೊತ್ತುಮಾಡಿದ ವಕೀಲೆ ದಿಶಾ ಕೇಸಿನ ಕಾಗದ ನೋಡುತ್ತಿದ್ದಾಗಲೇ ಹೊರಗೆ ಕೈದಿಗಳ ವ್ಯಾನು ಬಂತು. ಭೀಮಮ್ಮ ಓಡಿದಳು. ಅಷ್ಟೊಂದು ಜನ, ಅಷ್ಟೊಂದು ಪೊಲೀಸರು. ತಲೆಗಳ ಮೇಲಿಂದ ಕೂಗಿದಳು:

“ಏ, ಕೇಳ್ಸತ್ತೇನು? ತಪ್ಪಾತಂತ ಅನಬ್ಯಾಡ! ವಕೀಲರು ಬೇಕನ್ನು!”

ಅಂಬಾರಾಯ ಅತ್ತಿತ್ತ ನೋಡಿದ. ಪೊಲೀಸರು ಒಳಗೆ ನಡೆಸಿದರು. ಕೇಳಿಸಿತೋ ಇಲ್ಲವೋ!

ಒಳಗೆ ಭೀಮಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡನೆಯದಾಗಿಯೇ ಅವನ ಹೆಸರು ಕೂಗಿದರು. ದಿಶಾ ಇನ್ನೂ ಬಂದಿರಲಿಲ್ಲ.

“ಗುನ್ಹಾ ಕಬೂಲ್ ಆಹೇ ಕಾ?” ತಪ್ಪು ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಮರಾಠಿಯಲ್ಲಿ ಕೇಳಿದರು.

ಅಂಬಾರಾಯನ ಎರಡೂ ಕೈ ತಾವಾಗಿಯೇ ಎದೆಯ ಮುಂದೆ ಕೂಡಿದವು. ಬಾಯಿ ತೆರೆಯಿತು. ಅವನು ಹಿಂದಕ್ಕೆ ತಿರುಗಿ ಭೀಮಮ್ಮನನ್ನು ಹುಡುಕಿ ನೋಡಿದ. ಅವಳು ಅಡ್ಡಡ್ಡ ತಲೆಯಾಡಿಸಿದಳು. ಮುಗಿದ ಕೈ ಕೆಳಗಿಳಿಯಿತು.

“ಸಾಹೇಬ್, ಮೇರೆಕು ವಕೀಲ್ ಹೋನಾ,” ನನಗೆ ವಕೀಲರು ಬೇಕು ಎಂದು ಹರಕು ಹಿಂದಿಯಲ್ಲಿ ಹೇಳಿದ.

ಅಷ್ಟರಲ್ಲಿ ದಿಶಾ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ನೇರ ಮುಂದೆ ಹೋಗಿ, ತಾವು ಅವನ ವಕೀಲರೆಂದೂ ಆರೋಪವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದೂ ಕೇಳಿಕೊಂಡರು. ಅಂದು ತೀರ್ಪೇನೂ ಆಗಲಿಲ್ಲ. ಮುಂದಿನ ತಾರೀಖಿಗೆ ಜಾಮೀನು ಸಿಕ್ಕಿತು. ಕೇಸು ಎರಡು ವರ್ಷ ಎಳೆದಾಡಿ, ಸಾಕ್ಷಿಯಿಲ್ಲವೆಂದು ಅಂಬಾರಾಯ ಬಿಡುಗಡೆಯಾದ.

ಈಗ ನಳದ ಹತ್ತಿರ ಯಾರಾದರೂ ಪೊಲೀಸ್ ಠಾಣೆಯ ಮಾತೆತ್ತಿದರೆ ಬಾಲಮ್ಮನೇ ಗದರುತ್ತಾಳೆ: “ಕಟ್ಟಿ ಬ್ಯಾರೆ, ಕೋರ್ಟು ಬ್ಯಾರೆ. ಮೊದಲ ಉಮಾಬಾಯಿನ ಕರೀರಿ!”

ಓದುವ ಅಕ್ಕ, ತಮ್ಮ, ನಿಮ್ಮ ಮನೆಯವರನ್ನು ಹಿಡಿದೊಯ್ದರೆ ಅಂದೇ ಹತ್ತಿರದ ಕೋರ್ಟಿನಲ್ಲಿ ಕಾನೂನು ಸೇವಾ ಕಚೇರಿ ಎಲ್ಲಿದೆ ಎಂದು ಕೇಳಿ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ನೋಡದೆ ವಕೀಲರನ್ನು ಕೊಡುತ್ತಾರೆ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ನ್ಯಾಯಾಧೀಶರಿಗೆ ಕೈ ಮುಗಿಯಿರಿ, ಅದು ನಮ್ಮ ನಡತೆ. ಆದರೆ ಬಾಯಿಂದ ಮೊದಲು ಬರುವ ಮಾತು ಒಂದೇ ಆಗಿರಲಿ: “ನನಗೆ ವಕೀಲರು ಬೇಕು.”