ಕಡೆಯ ಗಾಡಿ ಬರುವವರೆಗೆ

ಗೆಂಗಣ್ಣನ ಬೈಕ್ ಗ್ಯಾಂಗಿನಲ್ಲಿ ಒಂದೇ ಕಾನೂನು. ದಾರಿ ಕವಲೊಡೆದಲ್ಲಿ ಮುಂದಾಳು ನೆಲದ ಕಡೆ ಬೆರಳು ತೋರಿಸುತ್ತಾನೆ. ಅವನ ಹಿಂದಿನವನು ಅಲ್ಲೇ ಗಾಡಿ ನಿಲ್ಲಿಸಿ, ಬರುವವರಿಗೆಲ್ಲ ಕೈ ಚಾಚಿ ದಾರಿ ತೋರಿಸಬೇಕು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕಡೆಯ ಸವಾರ ದಾಟುವವರೆಗೆ ಕದಲುವಂತಿಲ್ಲ. ಆಲಿಕಲ್ಲು ಬೀಳಲಿ, ಯಾಕ್ ದನ ಬಂದು ಮೂಸಲಿ.

ಚೆಂಗ್ದುವಿನಿಂದ ಲಾಸಾಕ್ಕೆ ಹೊರಟವರು ಐದು ಜನ. ಗೆಂಗಣ್ಣನಿಗೂ ನನಗೂ ಹದಿನೆಂಟು ವರ್ಷದ ಸ್ನೇಹ. ಇಬ್ಬರದೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ನಾನೂರೈವತ್ತು ಸಿಸಿಯ ದೇಶಿ ಗಾಡಿ. ದುಬಾರಿ ಗಾಡಿಯವರು ‘ಟ್ರ್ಯಾಕ್ಟರು’ ಎಂದು ಆಡಿಕೊಂಡರೆ, ‘ಹೂಂ, ಉಳ್ತಾ ಉಳ್ತಾನೇ ಲಾಸಾ ಸೇರ್ತೀವಿ’ ಎನ್ನುತ್ತಿದ್ದೆವು. ಅಲ್ಲಿ ಅರಮನೆಯ ಮುಂದೆ ಎರಡು ಗಾಡಿಗಳನ್ನೂ ಅಕ್ಕಪಕ್ಕ ನಿಲ್ಲಿಸಬೇಕೆಂದು ಮೂರು ವರ್ಷದಿಂದ ಮಾತಾಡಿಕೊಂಡಿದ್ದೆವು. ಕಡೆಯ ಗಾಡಿ ಲಾನಕ್ಕನದು. ನಡುವೆ ನೈಜಿಯಾಂಗ್ ಊರಿನ ಅಣ್ಣತಮ್ಮ, ಇಬ್ಬರದೂ ಬೇರೆ ಬೇರೆ ಗಾಡಿ.

ಹೊರಟ ಮೇಲೆ ಒಂದು ದಿನ, ಗಾಳಿ ತೆಳುವಾದ ಝೆದುವೊ ಘಟ್ಟದ ತುದಿಯಲ್ಲಿ ಗೆಂಗಣ್ಣ ಬಂಡೆಯ ಮರೆಗೆ ಹೋಗಿ ಆಮ್ಲಜನಕದ ಡಬ್ಬಿ ಹೀರಿದ್ದ. ನಾನು ನೋಡಿಬಿಟ್ಟೆ. ಇಳಿಯುವಾಗ, ಗುಂಡಿ ಬಂದರೆ ಹಿಂದಿನವರಿಗೆ ಹೇಳಲೆಂದು ಇದ್ದ ಹೆಲ್ಮೆಟ್ಟಿನ ಇಂಟರ್‌ಕಾಮಿನಲ್ಲಿ ಅವನದೇ ದನಿ ತೆಗೆದೆ: “ಲೋ... ಸ್ಸ್ಸ್... ಧೈರ್ಯ ಇರ್ಬೇಕು ಕಣ್ರೋ... ಸ್ಸ್ಸ್... ಗಾಳಿ ಯಾವನಿಗ್ ಬೇಕು!”

ಲಾನಕ್ಕ ನಕ್ಕು ನಕ್ಕು ಗಾಡಿ ಪಕ್ಕಕ್ಕೆ ಹಾಕಿದಳು. ಗೆಂಗಣ್ಣನೂ “ಬಡ್ಡಿಮಗ್ನೆ” ಎಂದು ನಕ್ಕ. ನಕ್ಕ ಎಂದೇ ನಾನು ತಿಳಿದೆ.

ಶಿನ್‌ದುಚಿಯಾವೊದ ವಸತಿಗೃಹದಲ್ಲಿ ಮರುದಿನ ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಎರಡೇ ಗಾಡಿ.

“ಪೆಟ್ರೋಲ್ ಹಾಕ್ಸೋಕೆ ಹೋಗವ್ರೆ, ಹಿಂದೆ ಬರ್ತಾರೆ. ನಾವು ಮುಂದೆ ಹೋಗೋಣ ಬಾರೋ ಬಾವೊ” ಎಂದ ಗೆಂಗಣ್ಣ.

ಊರಾಚೆ ಕವಲು ಬಂತು. ಅವನು ನೆಲಕ್ಕೆ ಬೆರಳು ತೋರಿಸಿ ಎಡಕ್ಕೆ ಹೋದ. ನಾನು ನಿಂತೆ. ಆಗ ಎಂಟೂವರೆ.

ನಾನು ಕಾಯುತ್ತ ಹೋದೆ, ಗಾಡಿ ಆರುತ್ತ ಹೋಯಿತು. ಹತ್ತಾಯಿತು. ಯಾರಿಗೆ ಕರೆ ಮಾಡಿದರೂ ಉತ್ತರವಿಲ್ಲ. ಎದುರಿನ ನೂಡಲ್ಸ್ ಅಂಗಡಿಯಾಕೆ ಬಾಗಿಲಲ್ಲಿ ನಿಂತು, “ಏನ್ ತಮ್ಮಾ, ಸರ್ಕಾರದೋರು ನಿನ್ನ ಕಂಬ ಮಾಡಿ ನೆಟ್ರಾ?” ಎಂದಳು.

“ಕಂಬಕ್ಕಾದ್ರೆ ಲೈಟ್ ಹಾಕ್ತಾರೆ ಅಕ್ಕಾ.”

“ಒಳಗ್ ಬಾ, ಬಿಸಿಬಿಸಿ ತಿನ್ನು.”

“ಕಡೆ ಗಾಡಿ ಬರ್ಲಿ.”

ಹನ್ನೊಂದರ ಹೊತ್ತಿಗೆ ಹಸಿವು ಮರೆತೇ ಹೋಗಿತ್ತು. ಲಾನಕ್ಕ ಬಿದ್ದಿರಬಹುದು. ಊರ ಕಡೆಯಿಂದ ಬಂದ ಲಾರಿಗಳನ್ನೆಲ್ಲ ತಡೆದು, ಕಿತ್ತಳೆ ಅಂಗಿಯ ಹೆಂಗಸು, ಗಾಡಿ, ಅಪಘಾತ ಎಂದು ಕೇಳಿದೆ. “ದಾರಿ ಖಾಲಿ ಕಣಯ್ಯಾ” ಎಂದರು ಎಲ್ಲರೂ.

ಒಂದೂವರೆಗೆ ಎಡದ ದಾರಿಯಿಂದ, ಲಾಸಾ ಕಡೆಯಿಂದ, ಒಬ್ಬ ಸವಾರ ಬಂದ. ಅವನನ್ನೂ ಕೇಳಿದೆ.

“ಕಿತ್ತಳೆ ಅಂಗೀನಾ? ಮುಂದಿನೂರು ಯಾಜಿಯಾಂಗಲ್ಲಿ ಮೀನು ತಿಂತಾ ಕೂತವ್ರೆ ಗುರು! ನಾಲ್ಕು ಗಾಡಿ. ಏನ್ ನಗ್ತಾರಪ್ಪ ಆ ಯಮ್ಮ!”

ನಾನು ಹಿಂದಿನವರಿಗಾಗಿ ಕಾಯುತ್ತಿದ್ದೆ. ಹಿಂದೆ ಯಾರೂ ಇರಲೇ ಇಲ್ಲ. ನಾನಿನ್ನೂ ಮಲಗಿದ್ದಾಗಲೇ ಆ ಮೂವರೂ ಈ ಕವಲು ದಾಟಿದ್ದರು.

ಲಾನಕ್ಕ ಈ ಸಲ ಫೋನು ಎತ್ತಿದಳು. “ಬಾವೊ... ಇನ್ನೂ ಅಲ್ಲೇ ನಿಂತಿದ್ದೀಯಾ? ಅರ್ಧ ಗಂಟೇಲಿ ಅರ್ಥ ಮಾಡ್ಕೊಂಡು ವಾಪಸ್ ಚೆಂಗ್ದುಗೆ ಹೋಗ್ತೀಯ ಅಂದ್ಕೊಂಡ್ವಲ್ಲೋ!”

“ನಿನ್ನೆ ಘಟ್ಟದಲ್ಲಿ ನೀನೂ ನಕ್ಕಿದ್ದೆ ಅಲ್ವಾ ಅಕ್ಕಾ?”

“ನಕ್ಕಿದ್ದೆ. ಆದ್ರೆ ದಾರಿ ಗೊತ್ತಿರೋನು ಅವ್ನೊಬ್ನೇ, ಅವ್ನು ಹೇಳ್ದಂಗೆ ಕೇಳ್ಬೇಕಾಯ್ತು.”

ಗೆಂಗಣ್ಣ ಫೋನು ಇಸಿದುಕೊಂಡ. “ತಪ್ಪು ತಿಳ್ಕೋಬೇಡ ಕಣೋ. ಮುಂದಿನ ಘಟ್ಟ ನಿನ್ ಗಾಡಿ ಹತ್ತಲ್ಲ. ನಿನ್ ಒಳ್ಳೇದಕ್ಕೇ...”

“ನನ್ ಗಾಡಿ, ನಿನ್ ಗಾಡಿ ಒಂದೇ ಅಲ್ವೇನಣ್ಣ?”

ಅವನ ಉಸಿರು ಕೇಳುತ್ತಿತ್ತು. ಬೇರೆ ದಿನವಾಗಿದ್ದರೆ ಆ ಉಸಿರನ್ನೂ ಅಣಕಿಸುತ್ತಿದ್ದೆ.

“ಕಾಯ್ಬೇಡ ಅಂತ ಹೇಳಿದ್ರೆ ಸಾಕಿತ್ತು” ಎಂದು ಫೋನು ಇಟ್ಟೆ.

ಬೆಳಗಿನಿಂದ ಚಾಚಿದ್ದ ತೋಳು ಮರಗಟ್ಟಿತ್ತು. ಕ್ಲಚ್ ಹಿಡಿಯಲು ಬೆರಳುಗಳನ್ನು ಒಂದೊಂದಾಗಿ ಮಡಚಬೇಕಾಯಿತು. ಅವರು ಎಡಕ್ಕೆ ಹೋಗಿದ್ದರು. ನಾನು ಬಲಕ್ಕೆ ತಿರುಗಿಸಿದೆ, ತಾಗೊಂಗ್ ಕಡೆಗೆ. ಸುತ್ತಿ ಬಳಸಿ ಅದೂ ಲಾಸಾಕ್ಕೇ ಹೋಗುತ್ತದೆಯಂತೆ.

ಮೊದಲ ತಿರುವಿನಾಚೆ ಗುಂಡಿಯಿತ್ತು. ಕಿವಿಯಲ್ಲಿ ಯಾರೂ ಹೇಳಲಿಲ್ಲ.